ತೆರೆಗೆ ಬೆನ್ನು ಹಾಕಿ ನೋಡು

ಬಾಲ್ಕನಿ ಸಾಹೇಬರೇ,

ಹಳೇ ಚಿತ್ರಮಂದಿರದ ಚರಿತ್ರೆ ತಿಳಿಯೋಕೆ ಎಲ್ಲಿ ನೋಡಬೇಕು ಅನ್ನೋ ನಿಮ್ಮ ಪ್ರಶ್ನೆಗೆ ಎಲ್ಲರೆದುರೇ ಉತ್ತರ ಕೊಡ್ತೀನಿ, ಆಮೇಲೆ ತಕರಾರು ಬೇಡ. ಪೇಟೆ ನಡುವಿನ ಹಳೇ ಚಿತ್ರಮಂದಿರದ ಚರಿತ್ರೆ ಬೇಕಾದ್ರೆ ಮುಂಭಾಗದ ಅಲಂಕಾರ ನಂಬಬೇಡ. ಅದನ್ನ ಬಂದ ಮಾಲೀಕರೆಲ್ಲ ಬದಲಿಸಿರ್ತಾರೆ. ತೆರೆಗೆ ಬೆನ್ನು ಹಾಕಿ ಪ್ರೊಜೆಕ್ಷನ್ ರೂಮಿನ ಗೋಡೆ ನೋಡು.

1905ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸ್ಮಿತ್‌ಫೀಲ್ಡ್ ಸ್ಟ್ರೀಟಲ್ಲಿ ಡೇವಿಸ್, ಹ್ಯಾರಿಸ್ ಅನ್ನೋರು ಸೇರಿ ತೆರೆದ ನಿಕಲೋಡಿಯನ್ ಅನ್ನೋ ಚಿತ್ರಮಂದಿರ ಬರೀ ಒಂದು ಅಂಗಡಿ ಮಳಿಗೆ, ಟಿಕೆಟ್ಟಿಗೆ ಐದು ಸೆಂಟ್. ಆಗಿನ ನೈಟ್ರೇಟ್ ಫಿಲ್ಮು ಉರಿಯೋಕೆ ಬೇಕಾದ ಆಮ್ಲಜನಕವನ್ನ ತಾನೇ ಕೊಟ್ಕೊಳ್ಳುತ್ತೆ, ನೀರಲ್ಲಿ ಮುಳುಗಿಸಿದ್ರೂ ಆರಲ್ಲ. ಪ್ರೊಜೆಕ್ಟರಿನ ಸುಡೋ ಕಾರ್ಬನ್ ಆರ್ಕ್ ದೀಪದೆದುರು ರೀಲು ಸಿಕ್ಕಿಕೊಂಡು ನಿಂತರೆ ಬೆಂಕಿ, ಮುಗೀತು. ಅದಕ್ಕೇ ಇಟ್ಟಿಗೆ ರೂಮು, ಕಬ್ಬಿಣದ ಬಾಗಿಲು, ಚಾವಣಿವರೆಗೂ ಹೊಗೆ ಕೊಳವೆ. ಒಂದೊಂದು ಪ್ರೊಜೆಕ್ಟರಿಗೆ ಎರಡು ಕಿಂಡಿ, ಬೆಳಕಿಗೊಂದು, ಆಪರೇಟರ್ ಕಣ್ಣಿಗೊಂದು. ಪ್ರತಿ ಕಿಂಡಿ ಮೇಲೂ ಸರಪಳಿಯಲ್ಲಿ ತೂಗುಬಿಟ್ಟ ತಗಡು. ನಡುವೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕರಗೋ ಕೊಂಡಿ. ಕರಗಿತೋ, ಅಷ್ಟೂ ತಗಡು ಒಟ್ಟಿಗೆ ದಢಾರ್ ಅಂತ ಬಿದ್ದು ಕಿಂಡಿ ಮುಚ್ಚುತ್ತೆ. ಸುಣ್ಣ ಬಣ್ಣ ಬಳಿಯೋರು ಆ ಕೊಂಡಿಗೂ ತಗಡು ಜಾರೋ ಜಾಡಿಗೂ ಬಳಿದುಬಿಟ್ರೆ ತಗಡು ಅಲ್ಲೇ ಕಚ್ಚಿಕೊಳ್ಳುತ್ತೆ. ಮೊದಲು ಅದನ್ನ ಎಳೆದು ನೋಡು.

ಕಿಂಡಿ ನಾಲ್ಕಿದ್ರೆ ಯಂತ್ರ ಎರಡು. 2000 ಅಡಿ ರೀಲು ಸೆಕೆಂಡಿಗೆ 24 ಫ್ರೇಮಿನಂತೆ 22 ನಿಮಿಷಕ್ಕೆ ಮುಗಿಯುತ್ತೆ, ಅಷ್ಟರಲ್ಲಿ ಪಕ್ಕದ್ದು ಸಿದ್ಧವಿರಬೇಕು.

ಟಾಕಿ ಬಂದ ಮೇಲೆ ತೆರೆಗೆ ಸಣ್ಣ ತೂತು, ಹಿಂದೆ ಸ್ಪೀಕರ್; ಮೂಕಿ ಚಿತ್ರಕ್ಕೆ ಸಂಗೀತ ನುಡಿಸ್ತಿದ್ದ ಆರ್ಗನ್ ವಾದ್ಯದ ಅಕ್ಕಪಕ್ಕದ ಕೋಣೆಗಳಿಗೆ ಬೀಗ. 1953ರ ಸಿನಿಮಾಸ್ಕೋಪ್ ಅನ್ನೋ ಅಗಲ ತೆರೆ ಹಳೇ ವೇದಿಕೆ ಕಮಾನಿನೊಳಗೆ ಹಿಡಿಸಲಿಲ್ಲ. ಎಷ್ಟೋ ಕಡೆ ತೆರೆಯನ್ನ ಮುಂದಕ್ಕೆ ತಂದು ಕಮಾನನ್ನೇ ಮುಚ್ಚಿದ್ರು. ಪಕ್ಕದ ಪರದೆ ಸರಿಸಿ ಟಾರ್ಚ್ ಬಿಟ್ರೆ ಹಳೇ ಗಾರೆ ಹೂವು ಅಲ್ಲೇ ಧೂಳು ತಿನ್ತಿರಬಹುದು.

ಈಚೆಗೆ ನನ್ನನ್ನ ಕಾಡೋದು ಇದೇ. 'ಮೂಲ ಸ್ಥಿತಿಗೆ ತರೋಣ' ಅಂತ ನಾವೂ ಕೂಗ್ತೀವಲ್ಲ, ಯಾವ ಮೂಲ? ಕಮಾನು ಬೇಕಂದ್ರೆ ಸ್ಕೋಪ್ ತೆರೆ ಹೋಗುತ್ತೆ. ಆರ್ಗನ್ ಬೇಕಂದ್ರೆ ಆ ಕೋಣೆಗಳಿಗೆ ಆಮೇಲೆ ತುಂಬಿದ್ದೆಲ್ಲ ಹೊರಗೆ. ನಿಜ ಹೇಳ್ಬೇಕಂದ್ರೆ ನನಗೆ ಬೇಕಿರೋದು ಚಿತ್ರಮಂದಿರವೇ ಅಲ್ಲ ಕಣೋ, ಅದರ ತೇಪೆಗಳು. ರಿಪೇರಿಯಾಗಿ, ಜನ ತುಂಬಿ, ನಗ್ತಿರೋ ಹಾಲ್ ಕಂಡ್ರೆ ಒಳಗೊಳಗೇ ಬೇಜಾರು. ಇಷ್ಟು ಜನರೆದುರು ಇದನ್ನ ಹೇಳಬಾರದಿತ್ತೇನೋ. ಬಿಡು, ಗೋಡೆ ನೋಡೋಕೆ ಟಿಕೆಟ್ ತಗೊಳ್ಳೋ ಗಿರಾಕಿ ನಾನು. ನನ್ನ ಮಾತು ಕೇಳಿದ್ರೆ ಯಾವ ಮಾಲೀಕನೂ ಉದ್ಧಾರ ಆಗಲ್ಲ.

ಅಂದಹಾಗೆ, ಹಳೇ ರೂಮಿನ ಒಳಪದರ ಆಸ್ಬೆಸ್ಟಾಸ್ ಇರಬಹುದು, ಬೆಂಕಿ ತಡೆಯೋ ನಾರು, ಆದ್ರೆ ಧೂಳು ಉಸಿರಿಗೆ ಹೋದ್ರೆ ಅಪಾಯ. ಪರೀಕ್ಷೆ ಮಾಡಿಸದೆ ಡ್ರಿಲ್ ಹಾಕಬೇಡ. ನಿನ್ನ ಕೈಗೆ ಡ್ರಿಲ್ ಯಾರು ಕೊಡ್ತಾರೆ ಅನ್ನೋದು ಬೇರೆ ಮಾತು.