ಒಡೆದಿದ್ದು ಪೈಪು, ಬದಲಿಸಿದ್ದು ಕಾರ್ಬುರೇಟರ್

ಗೆ,
ಮ್ಯಾನೇಜರ್, ಸರ್ವೀಸ್ ವಿಭಾಗ

ವಿಷಯ: ಬೇಡದ ಕಾರ್ಬುರೇಟರ್ ಹಾಕಿ 2,850 ರೂಪಾಯಿ ಬಿಲ್ ಮಾಡಿದ ಬಗ್ಗೆ

ಮಾನ್ಯರೇ,

ನಿಮ್ಮ ಕಂಪನಿಯ ಟೂ ಸ್ಟ್ರೋಕ್ ಹುಲ್ಲು ಹೊಡೆಯುವ ಮಷೀನ್ ತೆಗೆದುಕೊಂಡು ಎರಡು ವರ್ಷ ಆಯಿತು. ಈ ಸೆಪ್ಟೆಂಬರಿನವರೆಗೆ ಒಂದು ತಕರಾರೂ ಇರಲಿಲ್ಲ. ಆಮೇಲೆ ಶುರುವಾಯಿತು ನೋಡಿ. ಟ್ಯಾಂಕ್ ತುಂಬಿಸಿ ಹಗ್ಗ ಎಳೆದರೆ ಎರಡನೇ ಸಲಕ್ಕೇ ಸ್ಟಾರ್ಟ್. ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಪೆಟ್ರೋಲ್ ಅರ್ಧಕ್ಕೆ ಇಳಿದ ಮೇಲೆ ರೇಸ್ ಕೊಟ್ಟರೆ ಸೊರಗಿ ಆಫ್. ಚೋಕ್ ಅರ್ಧ ಎಳೆದರೆ ಮತ್ತೆ ಸ್ವಲ್ಪ ಹೊತ್ತು ಜೀವ.

ಇದನ್ನೆಲ್ಲ ನಿಮ್ಮ ಸರ್ವೀಸ್ ಸೆಂಟರಿನ ಹುಡುಗನಿಗೆ ಬಿಡಿಸಿ ಹೇಳಿದ್ದೆ. ಆತ ಚೀಟಿಯಲ್ಲಿ ಬರೆದುಕೊಂಡಿದ್ದು 'ಸ್ಟಾರ್ಟಿಂಗ್ ಪ್ರಾಬ್ಲಮ್' ಅಂತ. ಜೊತೆಗೆ ಆಯಿಲ್ ಜಾಸ್ತಿ ಹಾಕಿದ್ದೀರಿ ಅಂತ ನನಗೇ ಪಾಠ. ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್ ಅಳೆದೇ ಹಾಕುತ್ತೇನೆ, ನಿಮ್ಮ ಪುಸ್ತಕದಲ್ಲಿ ಇರುವುದೂ ಅಷ್ಟೇ. ಒಂಬತ್ತು ದಿನ ಇಟ್ಟುಕೊಂಡು ಹೊಸ ಕಾರ್ಬುರೇಟರ್ ಹಾಕಿದರು. ಟ್ಯಾಂಕ್ ತುಂಬಿಸಿ, ಎರಡು ನಿಮಿಷ ಓಡಿಸಿ, 'ನೋಡಿ ಸಾರ್, ಫಸ್ಟ್ ಕ್ಲಾಸ್' ಅಂದರು. ಟ್ಯಾಂಕ್ ತುಂಬಿದ್ದರೆ ಮೊದಲೂ ಓಡುತ್ತಿತ್ತಲ್ವಾ?

ಮರುದಿನ ತೋಟದಲ್ಲಿ ಅರ್ಧ ಟ್ಯಾಂಕಿಗೆ ಮತ್ತೆ ಅದೇ ಕಥೆ.

ನಮ್ಮೂರಲ್ಲಿ ಔಷಧಿ ಹೊಡೆಯುವ ಪಂಪ್ ರಿಪೇರಿ ಮಾಡುವವರೊಬ್ಬರಿದ್ದಾರೆ. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಕಾರ್ಬುರೇಟರ್ ಮುಟ್ಟಲೇ ಇಲ್ಲ. ಕೊಕ್ಕೆ ತಂತಿಯಿಂದ ಟ್ಯಾಂಕಿನೊಳಗಿನ ಫಿಲ್ಟರ್ ಎಳೆದು, ಅದರ ಪೈಪನ್ನು ಬೆರಳಲ್ಲಿ ಬಗ್ಗಿಸಿ ತೋರಿಸಿದರು. ಮೇಲ್ತುದಿಯಲ್ಲಿ ಉಗುರಿನಷ್ಟು ಬಿರುಕು. ಟ್ಯಾಂಕ್ ತುಂಬಿದ್ದಾಗ ಬಿರುಕು ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಮಟ್ಟ ಇಳಿದ ಕೂಡಲೇ ಅಲ್ಲಿಂದ ಗಾಳಿ ಎಳೆಯುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಸಾಲುವುದಿಲ್ಲ. ಪೈಪಿಗೆ 40, ಕೂಲಿ 100 ರೂಪಾಯಿ.

ನನಗೂ ಹಟ ಬಂತು. ನೀವು ಕವರಿನಲ್ಲಿ ಹಾಕಿ ಕೊಟ್ಟ ಹಳೇ ಕಾರ್ಬುರೇಟರ್ ಬಿಚ್ಚಿಸಿದೆ. ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಇನ್ನೂ ವೀಳ್ಯದೆಲೆಯಷ್ಟು ಮೆತ್ತಗಿದೆ, ಜಾಲರಿಯಲ್ಲಿ ಚೂರೂ ಕಸ ಇಲ್ಲ. ಅದನ್ನೇ ವಾಪಸ್ ಕೂರಿಸಿ ಎರಡು ದಿನದಲ್ಲಿ ಐದು ಟ್ಯಾಂಕ್ ಓಡಿಸಿದ್ದೇನೆ. ಒಮ್ಮೆಯೂ ನಿಂತಿಲ್ಲ.

ಇನ್ನೊಂದು ಮಾತು. ಶೇ. 10ಕ್ಕಿಂತ ಜಾಸ್ತಿ ಎಥನಾಲ್ ಇರುವ ಪೆಟ್ರೋಲ್ ಹಾಕಬೇಡಿ ಅಂತ ನಿಮ್ಮ ಪುಸ್ತಕ ಹೇಳುತ್ತದೆ. ಬಂಕಿನಲ್ಲಿ ಈಗ ಸಿಗುವುದು ಶೇ. 20ರದ್ದು. ಪೈಪ್ ಒಣಕಡ್ಡಿಯ ಹಾಗೆ ಸೆಟೆದಿದ್ದು ಅದರಿಂದಲೇ ಇರಬೇಕು ಅಂತ ಮೆಕ್ಯಾನಿಕ್ ಅಂದಾಜು. ಇದನ್ನು ತಡೆಯುವ ಪೈಪ್ ನಿಮ್ಮಲ್ಲಿದ್ದರೆ ಕಳಿಸಿ, ಇಲ್ಲದಿದ್ದರೆ ಇಲ್ಲ ಅಂತಾದರೂ ಬರೆದು ತಿಳಿಸಿ.

ಅಡಿಕೆ ಕೊಯ್ಲಿಗೆ ಮುಂಚೆ ಹುಲ್ಲು ಹೊಡೆಯದಿದ್ದರೆ ಬಿದ್ದ ಅಡಿಕೆ ಹೆಕ್ಕೋಕಾಗಲ್ಲ. ಆ ಒಂಬತ್ತು ದಿನಕ್ಕೆ ನಾನು ಲೆಕ್ಕ ಹಾಕುತ್ತಿಲ್ಲ. ಹೊಸ ಕಾರ್ಬುರೇಟರ್ ವಾಪಸ್ ತೆಗೆದುಕೊಂಡು, ಕೂಲಿ ಸೇರಿ 2,850 ರೂಪಾಯಿ 15 ದಿನದೊಳಗೆ ಕೊಡಿ. ಇಲ್ಲವಾದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ಒಡೆದ ಪೈಪಿನ ಫೋಟೊ ಜೊತೆಗಿಟ್ಟಿದ್ದೇನೆ. ಪೈಪಿನ ತುಂಡು ನನ್ನ ಹತ್ತಿರವೇ ಇದೆ.

ಇಂತಿ,
ನಿಮ್ಮ ಗ್ರಾಹಕ
ಸಾಗರ ತಾಲ್ಲೂಕು