ಕಸದ ಶುಲ್ಕಕ್ಕೆ ಮನೆಯ ಚದರಡಿ ಯಾಕೆ?

ಮಾನ್ಯ ಬೆಂಗಳೂರು ನಗರಾಭಿವೃದ್ಧಿ ಸಚಿವರಿಗೆ ನಮಸ್ಕಾರಗಳು.

ನಿನ್ನೆ ರಾತ್ರಿ ನಮ್ಮ ಮನೆಯ ಒಣ ಕಸದ ಚೀಲವನ್ನು ನೆಲಕ್ಕೆ ಸುರಿದು ನೋಡಿದೆ. ಮೂರು ದಿನದ ಕಸ. ಹೋಟೆಲಿನಿಂದ ತರಿಸಿದ ಊಟದ ಪ್ಲಾಸ್ಟಿಕ್ ಡಬ್ಬಿಗಳೇ ಹನ್ನೊಂದು. ಅಂಗೈಯಗಲದ ಫೋನ್ ಚಾರ್ಜರಿಗೆ ಮೊಳದುದ್ದದ ರಟ್ಟಿನ ಪೆಟ್ಟಿಗೆ, ಅದರೊಳಗೆ ಗಾಳಿ ತುಂಬಿದ ಕವರುಗಳು. ನಾನು ಹುಟ್ಟಿದ ಮನೆಯಲ್ಲಿ ಕಸವೆಂದರೆ ಸಿಪ್ಪೆ, ಬೂದಿ, ಸಗಣಿ. ಎಲ್ಲವೂ ತಿಪ್ಪೆಗೆ ಹೋಗಿ, ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಬೇಳೆ ಪೊಟ್ಟಣ ಕಟ್ಟಿದ ದಾರವನ್ನೂ ಅವ್ವ ಸುತ್ತಿಡುತ್ತಿದ್ದಳು.

ಸಂಬಳ ಏರಿತು, ಚೀಲ ಉಬ್ಬಿತು. ಇದು ನಮ್ಮೊಂದು ಮನೆಯ ಕಥೆಯಲ್ಲ. ವಿಶ್ವಬ್ಯಾಂಕಿನ 2018ರ ವರದಿಯ ಪ್ರಕಾರ, ಜಗತ್ತಿನ ಜನಸಂಖ್ಯೆಯಲ್ಲಿ ಶೇ 16ರಷ್ಟೇ ಇರುವ ಶ್ರೀಮಂತ ದೇಶಗಳು ಶೇ 34ರಷ್ಟು ಕಸ ಹಾಕುತ್ತವೆ. 2016ರಲ್ಲಿ 201 ಕೋಟಿ ಟನ್ ಇದ್ದ ಜಗತ್ತಿನ ಕಸ 2050ಕ್ಕೆ 340 ಕೋಟಿ ಟನ್ ಆಗುವ ಅಂದಾಜಿದೆ.

ಬೆಂಗಳೂರು ಬೆಳೆದ ಖುಷಿ ನಮಗೆ, ಅದರ ನಾತ ನಗರದ ಕಸ ಸುರಿಸಿಕೊಂಡ ಮಾವಳ್ಳಿಪುರ, ಮಂಡೂರು ಹಳ್ಳಿಗಳಿಗೆ. ಲಾರಿಗಳಿಗೆ ಅಡ್ಡ ನಿಂತು ಹೋರಾಡಿದ ಮೇಲೆಯೇ ಆ ಊರವರಿಗೆ ಬಿಡುಗಡೆ ಸಿಕ್ಕಿದ್ದು. ಆಮೇಲೆ ಕಸ ಇನ್ನೊಂದು ಹಳ್ಳಿಯ ಕಲ್ಲುಕ್ವಾರಿ ಹುಡುಕಿಕೊಂಡು ಹೋಯಿತು.

ಬೆಳೆದ ಮೇಲೆ ಕಸ ಏರಲೇಬೇಕೆಂದಿಲ್ಲ, ಸ್ವಾಮಿ. ದಕ್ಷಿಣ ಕೊರಿಯಾದಲ್ಲಿ 1995ರಿಂದ ಮನೆಯವರು ಹಣ ಕೊಟ್ಟು ಕೊಂಡ ಚೀಲದಲ್ಲೇ ಕಸ ಹಾಕಬೇಕು. ಬೇರ್ಪಡಿಸಿದ ಮರುಬಳಕೆಯ ವಸ್ತುಗಳಿಗೆ ಚೀಲದ ಖರ್ಚಿಲ್ಲ. ಅಲ್ಲಿ ತಲಾ ಕಸ ಇಳಿಯಿತು, ಆರ್ಥಿಕತೆ ಬೆಳೆಯುತ್ತಲೇ ಹೋಯಿತು.

ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಬಂದ ಕಸದ ಶುಲ್ಕ ಕಟ್ಟಡದ ಅಳತೆ ನೋಡುತ್ತದೆ, ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಹಳೆಯ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದಾರೆ. ಸಿಪ್ಪೆಯೆಲ್ಲ ಹಿತ್ತಲ ಗುಂಡಿಗೆ, ಗಾಡಿಗೆ ಕೊಡುವುದು ವಾರಕ್ಕೊಂದು ಸಣ್ಣ ಕವರು. ಮೂರು ದಿನಕ್ಕೆ ಚೀಲ ತುಂಬಿಸುವ ನನಗಿಂತ ಅವರ ಮನೆಗೇ ಶುಲ್ಕ ಹೆಚ್ಚು.

ಹಸಿ ಕಸಕ್ಕೂ ಬೇರ್ಪಡಿಸಿದ ಒಣ ಕಸಕ್ಕೂ ಶುಲ್ಕ ಬೇಡ. ಉಳಿದ ಮಿಶ್ರ ಕಸಕ್ಕೆ ಮಾತ್ರ ಚೀಲದ ಲೆಕ್ಕದಲ್ಲಿ ಹಣ ಪಡೆಯಿರಿ. ದುಡ್ಡು ಉಳಿಸಲು ಖಾಲಿ ಸೈಟಿಗೆ ಎಸೆಯುವವರು ಇದ್ದೇ ಇರುತ್ತಾರೆ, ಆ ಭಯ ನನಗೂ ಇದೆ. ಅದಕ್ಕೇ, ಕಾವಲು ಸುಲಭವಿರುವ ದೊಡ್ಡ ಅಪಾರ್ಟ್‌ಮೆಂಟ್‌ಗಳಿಂದ, ಒಂದೇ ವಾರ್ಡಿನಲ್ಲಿ ಶುರು ಮಾಡಿ. ಒಂದು ವರ್ಷ ತೂಗಿ ನೋಡಿ, ತೂಕದ ಲೆಕ್ಕವನ್ನು ಜನರ ಮುಂದಿಡಿ.

ಇಂತಿ,
ಬೆಂಗಳೂರಿನ ಒಬ್ಬ ತೆರಿಗೆದಾರ