ಬ್ಯಾಗ್ ತಂದುಕೊಟ್ಟ ನಿಮಗೆ

ಹೋದ ಮಂಗಳವಾರ ಸಂಜೆ ಜೋರು ಮಳೆ. ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬ್ಯಾಗ್ ಮರೆತು ಇಳಿದುಬಿಟ್ಟೆ. ಅದರಲ್ಲಿ ನನ್ನ ಹತ್ತನೇ ಕ್ಲಾಸಿನ ಮಕ್ಕಳ 38 ಪ್ರಬಂಧಗಳಿದ್ದವು. ವಿಷಯ, 'ನನ್ನ ಮೊದಲ ಓಟು'.

ಮರುದಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಬ್ಯಾಗ್ ಸಿಕ್ಕಿತು. ಬೆಳಿಗ್ಗೆ ಯಾರೋ ತಂದುಕೊಟ್ಟರು, ಹೆಸರು ಹೇಳಲಿಲ್ಲ ಎಂದರು. ಬಿಚ್ಚಿ ನೋಡಿದೆ. ಪ್ರತಿ ಹಾಳೆಯ ನಡುವೆ ಒಂದೊಂದು ನ್ಯೂಸ್‌ಪೇಪರ್ ತುಂಡು! ಒದ್ದೆ ಹಾಳೆ ಅಂಟಿಕೊಳ್ಳಬಾರದು ಅಂತ ರಾತ್ರಿ ಕೂತು ಇಟ್ಟಿದ್ದೀರಿ, ಅಲ್ವಾ? ನೀಲಿ ಶಾಯಿ ಸ್ವಲ್ಪ ಹರಡಿದೆ, ಒಂದಕ್ಷರವೂ ಹೋಗಿಲ್ಲ.

ನೀವು ಏನನ್ನು ಉಳಿಸಿದಿರಿ ಅಂತ ನಿಮಗೆ ಗೊತ್ತಾಗಬೇಕು. 1989ರಲ್ಲಿ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಈ ಮಕ್ಕಳಿಗೆ ಇನ್ನು ಎರಡು-ಮೂರು ವರ್ಷ, ಅಷ್ಟೆ. ಒಬ್ಬಳು ಮಂಗಳೂರಲ್ಲೇ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಬರೆದಿದ್ದಾಳೆ. ಅವರು 1926ರಲ್ಲೇ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತಿದ್ದರು. ಇನ್ನೊಬ್ಬ ಹುಡುಗ ಅಜ್ಜನ ಜೊತೆ ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗುತ್ತಾನೆ. ಅವನ ಸಾಲು ಇದು: "ಅಲ್ಲಿ ಕರ್ಣ ಮಾತಾಡುವಾಗ ಕೃಷ್ಣ ಕಾಯುತ್ತಾನೆ. ಟಿವಿ ಚರ್ಚೆಯಲ್ಲಿ ಯಾರೂ ಕಾಯುವುದಿಲ್ಲ." ಇಪ್ಪತ್ತು ವರ್ಷ ಸಮಾಜ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಸುಮ್ನೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದ್ದರೆ ಇಂಥ ಮಾತು ಬರುತ್ತಿತ್ತಾ?

ನ್ಯೂಸ್‌ಪೇಪರ್ ತುಂಡುಗಳನ್ನು ಬಿಸಾಡಿಲ್ಲ. ಕ್ಲಾಸಿಗೆ ಒಯ್ದು ತೋರಿಸಿದೆ. ಮಕ್ಕಳು ಒಂದೊಂದನ್ನೂ ಮುಟ್ಟಿ ನೋಡಿದರು. ಅವರ ಪರವಾಗಿಯೂ ನಿಮಗೆ ತುಂಬಾ ಥ್ಯಾಂಕ್ಸ್.